ಮಾವನ ಹೆಸರಿನ ಗಿಡ

ಗಿಡದಿಂದ ಶುರುಮಾಡಲೋ, ಮುದುಕನಿಂದಲೋ? ಎರಡಕ್ಕೂ ಒಂದೇ ಹೆಸರು, ಎರಡೂ ಕಹಿ. ಜುಸಾನ್ ಅಂದರೆ ನಮ್ಮ ಕಜಕ್ ಬಯಲಿನಲ್ಲಿ ಕಾಲಿಟ್ಟಲ್ಲೆಲ್ಲ ಸಿಗುವ ಗಿಡ, ನಿಮ್ಮ ಮಾಚಿಪತ್ರೆಯ ಒರಟು ದಾಯಾದಿ. ಅರ್ಥ ಕೇಳಿದರೆ ಕುರಿಗೆ ಮೇವು, ಚಿಗಟಕ್ಕೆ ವಿಷ, ಮನೆ ಬಿಟ್ಟವನಿಗೆ ಮನೆಯ ವಾಸನೆ. (ಕೆಟ್ಟ ಕಣ್ಣು ಹತ್ತಿರ ಬಾರದಿರಲಿ ಎಂದು ಮುದುಕನಿಗೆ ಆ ಹೆಸರಿಟ್ಟರಂತೆ. ಕಣ್ಣೇನು, ನೆಂಟರೂ ಬರಲಿಲ್ಲ.)

೧. ಮುದುಕನ ಸೊಸೆ ಜಾನಿಲ್. ನಮ್ಮಲ್ಲಿ ಸೊಸೆ ಮಾವನ ಹೆಸರೆತ್ತಬಾರದು. ಅದು ಗಿಡದ ಹೆಸರೂ ಆಗಿದ್ದರೆ, ಗಿಡವನ್ನೂ ಕರೆಯುವಂತಿಲ್ಲ. ಇಪ್ಪತ್ತೆರಡು ವರ್ಷದಿಂದ ಅವಳು ಅದನ್ನು ‘ಮೂಗಿಗೆ ಹತ್ತೋದು’ ಎನ್ನುತ್ತಾಳೆ. ಈಗ ಊರೆಲ್ಲ ಹಾಗೇ ಅನ್ನುತ್ತದೆ. ಪರೀಕ್ಷೆಯಲ್ಲಿ ಹಾಗೆ ಬರೆದ ಹುಡುಗಿಗೆ ಮೇಷ್ಟ್ರು ಪೂರ್ತಿ ಅಂಕ ಕೊಟ್ಟರು.

೨. ಹಿಮಗಾಳಿ ಎದ್ದಿದೆ. ಕುರಿ ನೋಡಿ ಬರುತ್ತೇನೆಂದು ಹೊರಟ ಮುದುಕ ಬಂದಿಲ್ಲ. ಜಾನಿಲಳ ಗಂಡ ಪಟ್ಟಣಕ್ಕೆ ಹೋಗಿದ್ದಾನೆ. ಅವಳು ಬಾಗಿಲಲ್ಲಿ ನಿಂತು, ನಮ್ಮಲ್ಲಿ ಸೊಸೆಯರು ಮಾವನನ್ನು ಕರೆಯುವ ಹಾಗೆ, “ತಾತಾ” ಎಂದು ಕೂಗಿದಳು. ದಾರಿ ತಪ್ಪಿದ್ದ ಬೇರೆ ಮೂವರು ತಾತಂದಿರು ಬಂದು, ಒಳಗೆ ಕೂತು, ಚಹಾ ಕೇಳಿದರು. ಇವರಾದರೂ ಹೆಸರು ಹಿಡಿದು ಕರೆಯಬಹುದಿತ್ತು. ಆದರೆ ಮೂವರಿಗೂ ಹಲ್ಲಿಲ್ಲ, ಕೂಗಿದರೆ ಬರೀ ಗಾಳಿ ಬರುತ್ತದೆ. ಗಾಳಿ ಹೊರಗೇ ಬೇಕಾದಷ್ಟಿದೆ.

೩. ಮೊದಲ ಕರಡು. ಜಾನಿಲ್ ಕಟ್ಟು ಮುರಿದು ಹೆಸರು ಕೂಗುತ್ತಾಳೆ, ಮುದುಕ ಬರುತ್ತಾನೆ, ಎಲ್ಲರಿಗೂ ಕಣ್ಣೀರು. ಬರೆದೆ. ಅವಳು ಬಾಯಿ ತೆರೆಯಲಿಲ್ಲ. ಒಂದೇ ಪದ ಕಣಮ್ಮ, ಜೀವ ಉಳಿಯುತ್ತೆ ಎಂದು ಬೇಡಿದೆ.

“ಉಳಿದು ಬಂದು, ‘ನನ್ನ ಹೆಸರೆತ್ತಿದವಳ ಕೈಯಲ್ಲಿ ಚಹಾ ಕುಡಿಯಲ್ಲ’ ಅಂತ ಕೂತ್ರೆ? ದಿನಾ ನೀವು ಬಂದು ಕುಡಿಸ್ತೀರಾ, ಅಣ್ಣಾ?”

ಕುಡಿಸುವುದಿಲ್ಲ. ಕರಡು ಹರಿದೆ.

೪. ಎರಡನೇ ಕರಡಿನಲ್ಲಿ ನಾಯಿ ಹೋಗಿ ಮುದುಕನನ್ನು ಕರೆತರುತ್ತದೆ. (ಒಲೆ ಪಕ್ಕ ಮಲಗಿದ್ದ ನಾಯಿ ಒಂದು ಕಣ್ಣು ತೆರೆದು ನನ್ನನ್ನು ನೋಡಿ, ಮುಚ್ಚಿಕೊಂಡಿತು.)

೫. ಅಷ್ಟರಲ್ಲಿ ಜಾನಿಲ್ ನನ್ನನ್ನು ಕೇಳದೆಯೇ ಮನೆಯ ಮೂರು ಪೊರಕೆಗಳನ್ನೂ ಮುರಿದಳು. ಮೂರೂ ಅದೇ ಗಿಡದವು. ಬಕೆಟ್ಟಿಗೆ ತುಂಬಿ, ಮೇಲೆ ಕೆಂಡ ಸುರಿದು, ಬಾಗಿಲಾಚೆ ಇಟ್ಟಳು. ಕಹಿ ಹೊಗೆ ಗಾಳಿ ಹತ್ತಿ ಬಯಲಿಗೆ ಹೊರಟಿತು.

“ನಾನಂತೂ ಬಾಯಲ್ಲಿ ಹೇಳಿಲ್ಲ,” ಅಂದಳು. “ಹೊಗೆ ಹೇಳಿದ್ರೆ ನಾನೇನ್ ಮಾಡ್ಲಿ?”

(ಇದು ನನಗೆ ಹೊಳೆಯಬೇಕಿತ್ತು.)

೬. ಅಂತ್ಯ ಒಂದು: ಹೊಗೆಯ ಜಾಡು ಹಿಡಿದು ಮುದುಕ ಬರುತ್ತಾನೆ, ಪೊರಕೆ ಸುಟ್ಟದ್ದಕ್ಕೆ ಬಯ್ಯುತ್ತಾನೆ. ಅಂತ್ಯ ಎರಡು: ಗಾಳಿ ದಿಕ್ಕು ಬದಲಿಸುತ್ತದೆ. ಯಾವುದು ಬೇಕು ಎಂದು ಜಾನಿಲಳನ್ನೇ ಕೇಳಿದೆ.

“ಹೆಸರೆತ್ತಬಾರದು ಅನ್ನೋದು ನನಗೆ. ನಿಮಗೇನಾಗಿದೆ ಅಣ್ಣಾ? ಆಗ್ಲಿಂದ ಬರೀತಾನೇ ಇದ್ದೀರಿ. ಒಂದ್ಸಲ ಕೂಗೋಕಾಗ್ಲಿಲ್ವಾ?”

ಪೆನ್ನು ಬಿಟ್ಟು ಬಾಗಿಲಿಗೆ ಬಂದಿದ್ದೇನೆ. ಆಚೆ ಯಾರೋ ಕೆಮ್ಮಿದಂತಾಯಿತು. ಒಳಗಿನವರನ್ನು ಎಣಿಸಿದೆ. ಮೂವರ ಬಾಯಲ್ಲೂ ಚಹಾ ಇದೆ. ಕುರಿಯೂ ಕೆಮ್ಮುತ್ತದೆ, ಗೊತ್ತು.

ಓದುಗರೇ, ನೀವಂತೂ ಅವನ ಸೊಸೆಯಲ್ಲ. ಹೆಸರೂ ಗೊತ್ತಾಗಿದೆ. ಸುಮ್ಮನೆ ಯಾಕೆ ಕೂತಿದ್ದೀರಿ? ಬನ್ನಿ, ನನ್ನೊಬ್ಬನ ಗಂಟಲು ಸಾಲದು.