ವಿಹಾರದ ಕಬ್ಬಿಣದ ಮಾತ್ರೆ

ಭಿಕ್ಷುವೊಬ್ಬರ ಮಲದ ಬಣ್ಣ ವಿಚಾರಿಸುವ ಕೆಲಸ ಯಾವ ಹೆಂಗಸಿಗೂ ಬರಬಾರದು. ನನಗೆ ಬಂದಿತ್ತು. ನಾನು ಲಮ್ದುವನ್, ಮೆಕಾಂಗ್ ದಡದ ಈ ಊರಿನ ಆರೋಗ್ಯ ಸ್ವಯಂಸೇವಕಿ. ಹತ್ತೊಂಬತ್ತು ವರ್ಷದಿಂದ ಮನೆಮನೆ ತಿರುಗಿ ಬಿಪಿ ನೋಡುತ್ತ, ಸೊಳ್ಳೆಮರಿ ಬಿದ್ದ ನೀರು ಚೆಲ್ಲಿಸುತ್ತ ಮಂಡಿ ಸವೆಸಿಕೊಂಡವಳು. ಕೆಲಸವೂ ಸಾಕಾಗಿತ್ತು, ನಿಜ ಹೇಳಬೇಕೆಂದರೆ ಜನರೂ ಸಾಕಾಗಿದ್ದರು.

ನಮ್ಮ ವಿಹಾರದ ಹಿರಿಯ ಭಿಕ್ಷು ಖಾಮ್. ಊರಿಗೆಲ್ಲ ತಂದೆಯಂತಿರುವುದರಿಂದ ಎಲ್ಲರ ಬಾಯಲ್ಲೂ ಲುವಾಂಗ್ ಪೊ. ಆರು ತಿಂಗಳ ಹಿಂದೆ ಎದೆ ಹಿಡಿದುಕೊಂಡು ಕುಸಿದಾಗ ಪಟ್ಟಣದಲ್ಲಿ ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿದರು. ಅದರೊಳಗೆ ರಕ್ತ ಹೆಪ್ಪುಗಟ್ಟದಿರಲೆಂದು ದಿನಾ ಆಸ್ಪಿರಿನ್ ಒಂದು, ಕ್ಲೋಪಿಡೊಗ್ರೆಲ್ ಒಂದು. ಎರಡು ತಿಂಗಳ ಹಿಂದೆ ರಕ್ತ ಕಡಿಮೆಯಾಗಿದೆ ಎಂದು ಕಬ್ಬಿಣದ ಮಾತ್ರೆಯೂ ಸೇರಿತು.

ಆವತ್ತು ಆರೋಗ್ಯ ಕೇಂದ್ರದ ನರ್ಸ್ ನನ್ನನ್ನು ಕೂರಿಸಿಕೊಂಡು ಹೇಳಿದ್ದಳು. "ಅಕ್ಕಾ, ಆ ಮೊದಲಿನ ಎರಡು ಮಾತ್ರೆ ಇದಾವಲ್ಲ, ಅವುಗಳಿಂದ ಹೊಟ್ಟೇಲಿ ರಕ್ತ ಒಸರೋಕೆ ಶುರುವಾದ್ರೆ ಬೇಗ ನಿಲ್ಲಲ್ಲ. ಮಲ ಕಪ್ಪಗಾಗುತ್ತೆ. ಕಬ್ಬಿಣದ ಮಾತ್ರೆ ತಗೊಂಡ್ರೂ ಕಪ್ಪಗಾಗುತ್ತೆ, ಆದ್ರೆ ಅದು ಗಟ್ಟಿ. ರಕ್ತದ್ದಾದ್ರೆ ಡಾಂಬರಿನ ಥರ ಅಂಟು, ಕೆಟ್ಟ ನಾತ. ಎರಡೂ ಕೇಳ್ಬೇಕು, ಆಯ್ತಾ?"

ಭಿಕ್ಷುವಿನ ಕೈಗೆ ಹೆಂಗಸು ಏನನ್ನೂ ಕೊಡುವಂತಿಲ್ಲ. ಲುವಾಂಗ್ ಪೊ ನೆಲದ ಮೇಲೆ ಬಟ್ಟೆ ಹಾಸಿದರು, ನಾನು ಅದರ ಮೇಲೆ ಕಬ್ಬಿಣದ ಮಾತ್ರೆಯ ಮೊದಲ ಪೊಟ್ಟಣ ಇಟ್ಟೆ. ಆಗ ಅವರೇ ಕೇಳಿದರು.

"ರಬ್ಬರ್ ತೋಟದಲ್ಲಿ ನದಿಯಾಚೆಯ ದೇಶದ ಹುಡುಗಿ ಒಬ್ಬಳಿದಾಳಲ್ಲಮ್ಮ, ಚನ್ಸೀ. ಬಸುರಿ. ಮುಖವೆಲ್ಲ ಬಿಳಿಚಿಕೊಂಡಿದೆ. ಅವಳಿಗೂ ಇದನ್ನ ಕೊಡಬಾರದಾ?"

"ಅವಳ ಹೆಸರು ನನ್ನ ಪಟ್ಟೀಲಿಲ್ಲ ಲುವಾಂಗ್ ಪೊ. ಕಾರ್ಡಿಲ್ಲ, ಕಾಗದವಿಲ್ಲ. ನಾನೇನು ಮಾಡ್ಲಿ?"

"ಹೌದಾ," ಎಂದು ಪೊಟ್ಟಣ ಎತ್ತಿಕೊಂಡರು.

ತಿಂಗಳು ಕಳೆದ ಮೇಲೆ ಮುಂದಿನ ಪೊಟ್ಟಣ ಒಯ್ದಾಗ ಧೈರ್ಯ ಮಾಡಿ, ಬೋಧಿವೃಕ್ಷದ ಕಡೆ ಮುಖ ತಿರುಗಿಸಿಕೊಂಡು ಕೇಳಿದೆ. "ಬೆಳಗ್ಗೆ ಹೋದಾಗ... ಕಪ್ಪಗಿರುತ್ತಾ?"

"ಕಪ್ಪಗಿರುತ್ತೆ."

"ಅದು ಕಬ್ಬಿಣದ ಮಾತ್ರೇದು, ಹೆದರಬೇಡಿ," ಎಂದವಳೇ ಎದ್ದು ಬಂದೆ. ಅಂಟೋ ಗಟ್ಟಿಯೋ ಎಂದು ಕೇಳಲು ನಾಚಿಕೆಯಾಯಿತು. ಬಿಸಿಲೂ ಜೋರಾಗಿತ್ತು, ಇನ್ನೂ ಹದಿನಾಲ್ಕು ಮನೆ ಬಾಕಿಯಿತ್ತು.

ಕಳೆದ ಬುಧವಾರ ಸೊಳ್ಳೆಮರಿ ನೋಡಲು ರಬ್ಬರ್ ತೋಟಕ್ಕೆ ಹೋದೆ. ಚನ್ಸೀ ಗುಡಿಸಲ ಮುಂದೆ ಕೂತು ಪಪ್ಪಾಯಿಕಾಯಿ ಕುಟ್ಟುತ್ತಿದ್ದಳು. ಹೊಟ್ಟೆ ದುಂಡಗಾಗಿತ್ತು.

"ಮುಖಕ್ಕೆ ಕಳೆ ಬಂದಿದೆಯಲ್ಲೇ! ಏನು ತಿಂತಾ ಇದೀಯ?"

"ಲುವಾಂಗ್ ಪೊ ಕೊಡೋ ಮಾತ್ರೆ ಅಕ್ಕಾ. ಎರಡು ತಿಂಗಳಿಂದ ದಿನಾ ಒಂದು, ತಪ್ಪಿಸಿಲ್ಲ." ಒಳಗೆ ಹೋಗಿ ಪೊಟ್ಟಣ ತಂದು ತೋರಿಸಿದಳು. ಮೇಲೆ ನನ್ನದೇ ಅಕ್ಷರ: ಲುವಾಂಗ್ ಪೊ ಖಾಮ್, ಬೆಳಿಗ್ಗೆ ಒಂದು.

ಅಲ್ಲೇ ನಿಂತುಬಿಟ್ಟೆ. ಲುವಾಂಗ್ ಪೊ ಒಂದು ಕಬ್ಬಿಣದ ಮಾತ್ರೆಯನ್ನೂ ನುಂಗಿಲ್ಲ. ಹಾಗಾದರೆ ಕಪ್ಪು ಎಲ್ಲಿಂದ ಬಂತು? ಮಂಡಿನೋವು ಮರೆತು ವಿಹಾರಕ್ಕೆ ಓಡಿದೆ.

ಲುವಾಂಗ್ ಪೊ ಅಂಗಳ ಗುಡಿಸುವುದನ್ನು ಅರ್ಧಕ್ಕೆ ಬಿಟ್ಟು, ಪೊರಕೆ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದರು. ನಾಚಿಕೆ ಎಲ್ಲಿ ಹೋಯಿತೋ, ಇಡೀ ಅಂಗಳಕ್ಕೆ ಕೇಳುವಂತೆ ಕೂಗಿದೆ. "ಲುವಾಂಗ್ ಪೊ! ಗಟ್ಟೀನಾ, ಅಂಟಾ?"

ಅವರು ನನ್ನನ್ನು ನೋಡಿದರು. "ಅಂಟು. ಒಂದು ತಿಂಗಳಾಯ್ತು."

"ಹೇಳಬಾರದಿತ್ತಾ?"

"ಕಬ್ಬಿಣದ್ದು ಅಂತ ನೀನೇ ಹೇಳಿ ಹೋದೆ. ಅಲ್ಲ ಅಂದಿದ್ರೆ ಮಾತ್ರೆ ಎಲ್ಲಿ ಅಂತ ನೀನು ಕೇಳ್ತಿದ್ದೆ. ನಾನು ಸುಳ್ಳು ಹೇಳೋ ಹಾಗಿಲ್ಲ. ಚನ್ಸೀಗೆ ಮಾತ್ರೆ ನಿಂತುಹೋಗುತ್ತೆ ಅಂತ ಸುಮ್ಮನಿದ್ದೆ."

ಮುಟ್ಟುವಂತಿಲ್ಲವಲ್ಲ. "ಕಣ್ಣಿನ ಕೆಳಗಿನ ರೆಪ್ಪೆ ನೀವೇ ಎಳೀರಿ," ಎಂದೆ. ಎಳೆದು ತೋರಿಸಿದರು. ಒಳಗೆ ಕೆಂಪೇ ಇರಲಿಲ್ಲ, ಅನ್ನದ ಗಂಜಿಯಷ್ಟು ಬಿಳಿ. ಗಂಡನಿಗೆ ಫೋನ್ ಮಾಡಿದೆ. ಅವನು ವ್ಯಾನ್ ತಂದು, ಅವರನ್ನು ಎತ್ತಿ ಮಲಗಿಸಿ, ಪಟ್ಟಣಕ್ಕೆ ಹೊಡೆದ.

ಹೊಟ್ಟೆಯಲ್ಲಿ ಹುಣ್ಣು. ಕೊಳವೆ ಇಳಿಸಿ ರಕ್ತ ನಿಲ್ಲಿಸಿದರು, ನಾಲ್ಕು ಬಾಟಲಿ ರಕ್ತ ಕೊಟ್ಟರು. ಸ್ಟೆಂಟ್ ಮುಚ್ಚಿಹೋಗಬಾರದೆಂದು ಆ ಎರಡು ಮಾತ್ರೆಯನ್ನು ಪೂರ್ತಿ ನಿಲ್ಲಿಸುವಂತಿರಲಿಲ್ಲ. ಜೊತೆಗೆ ಹೊಟ್ಟೆ ಕಾಯುವ ಇನ್ನೊಂದು ಮಾತ್ರೆ ಸೇರಿಸಿದರು. "ಇವರನ್ನ ಊರಲ್ಲಿ ನೋಡ್ಕೊಳ್ತಿದ್ದೋರು ಯಾರು?" ಎಂದು ಡಾಕ್ಟರು ಕೇಳಿದಾಗ ಕೈ ಎತ್ತಿದೆ. ಅವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಲುವಾಂಗ್ ಪೊ ವಿಹಾರಕ್ಕೆ ಮರಳುವ ಹಿಂದಿನ ದಿನ ನರ್ಸ್ ಹತ್ತಿರ ಹೋಗಿ ಚನ್ಸೀ ವಿಷಯ ಹೇಳಿದೆ. ಕಾರ್ಡಿಲ್ಲ ಎಂದೆ. "ಬಸುರಿ ತಾನೇ? ತಗೊಂಡು ಹೋಗಕ್ಕಾ," ಎಂದು ಅಲ್ಲೇ ಡಬ್ಬಿಯಿಂದ ಎಣಿಸಿ ಕೊಟ್ಟಳು.

ಮರಳಿದ ಮರುದಿನ ಬೆಳಿಗ್ಗೆ ಲುವಾಂಗ್ ಪೊ ಬಟ್ಟೆ ಹಾಸಿದರು. ಎರಡು ಪೊಟ್ಟಣ ಇಟ್ಟೆ, ಒಂದರ ಮೇಲೆ ಅವರ ಹೆಸರು, ಇನ್ನೊಂದರ ಮೇಲೆ ಚನ್ಸೀ ಹೆಸರು.

"ನಿಮ್ಮದನ್ನ ಇಲ್ಲೇ ನುಂಗಿ. ನಾನು ನೋಡ್ಬೇಕು."

ನುಂಗಿ, ಶಾಲೆಯ ಹುಡುಗನ ಹಾಗೆ ಬಾಯಿ ತೆರೆದು ತೋರಿಸಿದರು. ಆಮೇಲೆ ಎರಡನೆಯ ಪೊಟ್ಟಣ ಎತ್ತಿಕೊಂಡು ಕಣ್ಣಿಗೆ ಹತ್ತಿರ ಹಿಡಿದರು.

"ಇವಳ ಹೆಸರು ಪಟ್ಟೀಲಿ ಇರಲಿಲ್ಲ ಅಂದಿದ್ದೆ?"

"ಬರೆದೆ, ಲುವಾಂಗ್ ಪೊ."

"ಆಗ ಪೆನ್ನು ಇರಲಿಲ್ವೇನಮ್ಮ?"

"ಇತ್ತು," ಎಂದೆ.