ಸಕ್ಕರೆ ಬಟ್ಟಲಿನ ಮುಚ್ಚಳ

ಬಾಗಿಲು ತೆರೆಯುವುದು ಎಂಟಕ್ಕೆ. ನಾನು ಐದೂವರೆಗೇ ಬಂದು ಚೀಟಿ ತೆಗೆದುಕೊಂಡೆ. ಆದರೂ ನಾಲ್ಕನೆಯ ನಂಬರು! ನಿಂತ ಕಡೆ ಕಾಲು ನಿಲ್ಲಲಿಲ್ಲ. ತೀರಿಹೋದ ಮೇಬಲ್ ಟಿಪ್ಟನ್‌ಳ ಮನೆಯ ಸಾಮಾನೆಲ್ಲ ಇವತ್ತು ಅವಳ ಮನೆಯಲ್ಲೇ ಮಾರಾಟ; ಚೀಟಿಯ ಸರದಿಯಂತೆ ಒಳಗೆ ಬಿಡುತ್ತಾರೆ. ನಮ್ಮೂರ ಪಿಂಗಾಣಿ ಕಾರ್ಖಾನೆಯ ಕೆಂಪು ಹೂವಿನ ಸಕ್ಕರೆ ಬಟ್ಟಲು, ಅದೂ ಮುಚ್ಚಳ ಸಮೇತ, ಇದೆಯೆಂದು ಪೇಪರಿನಲ್ಲಿ ಬಂದಿತ್ತು.

ಕಾರ್ಖಾನೆ ಮುಚ್ಚಿ ನಲವತ್ತು ವರ್ಷವಾಯಿತು. ಟೆನೆಸಿಯ ಈ ಕಣಿವೆಯಲ್ಲಿ ಹುಡುಕಿ ಹುಡುಕಿ ತಟ್ಟೆ, ಬಟ್ಟಲು, ಬಸಿ ಅಂತ ನೂರಿಪ್ಪತ್ತು ಕೂಡಿಹಾಕಿದ್ದೇನೆ. ಮುಚ್ಚಳ ಮಾತ್ರ ಒಂದೂ ಇಲ್ಲ. ಮೊದಲು ಒಡೆಯುವುದೇ ಅದು. ಅಮ್ಮ ಅಲ್ಲಿ ಒಂಬತ್ತು ವರ್ಷ ಬರೀ ಮುಚ್ಚಳಗಳಿಗೆ ಹೂವು ಬರೆದವಳು. ಎಂಬತ್ತೊಂದಾಯಿತು. ಕಣ್ಣು ಪೂರ್ತಿ ಹೋಗುವ ಮೊದಲು ತನ್ನ ಕೈಯದೊಂದನ್ನು ನೋಡಬೇಕೆಂದು ಅವಳ ಆಸೆ. ಈಗ ಕಾರಿನಲ್ಲಿ ಕೂತು ಕಾಯುತ್ತಿದ್ದಾಳೆ.

"ಏನ್ ನೊರೀನ್, ಕುಣೀತಿದೀಯಾ?" ಎಂದ ಮೂರನೆಯ ನಂಬರಿನ ವರ್ಜಿಲ್. ಅವನಿಗೂ ಇದೇ ಹುಚ್ಚು.

"ಬಾಯ್ ಮುಚ್ಕೊಂಡ್ ನಿಂತ್ಕೋ. ಅಡುಗೆಮನೆ ಕಡೆ ಕಾಲಿಟ್ರೆ ನೋಡು!"

ಬಾಗಿಲು ತೆರೆಯಿತು. ವರ್ಜಿಲ್‌ನನ್ನು ಮೊಣಕೈಯಿಂದ ತಳ್ಳಿ ಓಡಿದೆ, ನಾಚಿಕೆಯೇನೂ ಆಗಲಿಲ್ಲ. ಬಟ್ಟಲು ಕಿಟಕಿಯ ಹತ್ತಿರವೇ ಇತ್ತು. ಎತ್ತಿಕೊಂಡೆ. ಆಮೇಲೆ, ಹಾಳಾದ ಅಭ್ಯಾಸ, ಈ ಹುಚ್ಚಿನವರೆಲ್ಲ ಮಾಡುವ ಹಾಗೆ, ತಳದ ಮುದ್ರೆ ನೋಡಲೆಂದು ಬೋರಲು ಮಾಡಿದೆ.

ಮುಚ್ಚಳ ನೆಲಕ್ಕೆ ಬಿದ್ದು ಮೂರು ಚೂರಾಯಿತು.

"ಅಯ್ಯೋ ದೇವರೇ," ಎಂದ ವರ್ಜಿಲ್. ಪಾಪ, ನಗಲಿಲ್ಲ. ಅವನೇ ಬಗ್ಗಿ ಚೂರುಗಳನ್ನು ಆರಿಸಿ ಕೊಟ್ಟ. ನನ್ನ ಕೈಗಳನ್ನೇ ಕತ್ತರಿಸಿ ಎಸೆಯಬೇಕು ಅನ್ನಿಸಿತು.

ಬಟ್ಟಲಿಗೆ ದುಡ್ಡು ಕೊಟ್ಟು, ಕಾರಿಗೆ ಬಂದು ಚೂರುಗಳನ್ನು ಅಮ್ಮನ ಅಂಗೈಗೆ ಹಾಕಿದೆ. ಒಂದೊಂದನ್ನೂ ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದಳು.

"ನಂದೇ ಕಣೇ! ನೋಡು, ಎಲೆ ಬಾಲಾನ ಎಡಕ್ಕೆ ಎಳೆದಿದೀನಿ. ಅದಕ್ಕೇ ಮೇಸ್ತ್ರಿ ದಿನಾ ಬೈತಿದ್ದ."

"ತಳ ನೋಡೋಕ್ ಹೋಗಿ ಬೀಳಿಸ್ಬಿಟ್ಟೆ, ಅಮ್ಮಾ."

"ತಳದಲ್ಲೇನಿರುತ್ತೆ, ಹುಚ್ಚೀ? ಕಂಪನಿ ಹೆಸರು." ಚೂರುಗಳನ್ನು ಕರ್ಚೀಫಿನಲ್ಲಿ ಗಂಟು ಕಟ್ಟಿ ಮಡಿಲಲ್ಲಿಟ್ಟುಕೊಂಡಳು. "ನನ್ ಹೆಸರು ಯಾವತ್ತೂ ಅಲ್ಲಿರ್ಲಿಲ್ಲ. ನಡಿ, ಮನೆಗೆ ಹೋಗೋಣ."