ಗಡಿಯಾರದ ಪಟ್ಟಿಯ ಕೆಳಗೆ

ಶನಿವಾರ ಮಧ್ಯಾಹ್ನ ನಾನು ಹುರುಳಿಕಾಯಿಯ ನಾರು ತೆಗೆಯುತ್ತ ಕುಳಿತಿದ್ದಾಗ ಮೊಮ್ಮಗಳು ನವ್ಯಾ ಫೋನ್ ಹಿಡಿದು ಬಂದಳು.

“ಅಜ್ಜಿ, ಕೈ ಕೊಡಿ. ಫೋಟೋ ತೆಗೀಬೇಕು. ಮಂಡೇ ಪ್ರೆಸೆಂಟೇಷನ್.”

“ಈ ಮುದಿ ಕೈ ಯಾಕೆ ಮರಿ?”

ಅಮೆರಿಕದ ಮೂಲನಿವಾಸಿಗಳಾದ ಲಕೋಟಾ ಜನರ ಆಕಾಶದ ಬಗ್ಗೆ ಅವಳು ಮಾತಾಡಬೇಕಿತ್ತು. ನಾವು ಆಕಾಶಗಂಗೆ ಎನ್ನುವುದು ಅವರಿಗೆ ಸತ್ತವರು ನಡೆದುಹೋಗುವ ದಾರಿಯಂತೆ. ಆ ದಾರಿಯಲ್ಲಿ ಒಬ್ಬ ಮುದುಕಿ ಕಾದಿರುತ್ತಾಳೆ. ಬಂದವರ ಮೈಮೇಲೆ, ಮಣಿಕಟ್ಟಿನಲ್ಲೋ ಹಣೆಯಲ್ಲೋ, ಹಚ್ಚೆ ಇದ್ದರೆ ಮುಂದಕ್ಕೆ ಬಿಡುತ್ತಾಳೆ. ಇಲ್ಲದಿದ್ದರೆ ಕೆಳಕ್ಕೆ ತಳ್ಳಿಬಿಡುತ್ತಾಳೆ.

“ನಿಮ್ಗೂ ಇದೆಯಲ್ಲ, ವಾಚ್ ಕೆಳಗೆ ಬ್ಲೂ ಡಾಟ್ಸ್! ಚಿಕ್ಕೋಳಿದ್ದಾಗ ನೋಡಿದ್ದೆ. ನಮ್ಮಜ್ಜಿ ಶೂರ್ ಪಾಸ್ ಲಾ ಅಂತ ಟೀಚರ್‌ಗೆ ಹೇಳ್ಬಿಟ್ಟಿದೀನಿ.” ಈ ಪರದೇಶದ ಊರಿನವರ ಹಾಗೆ ಅವಳಿಗೂ ಮಾತಿನ ಕೊನೆಗೊಂದು ‘ಲಾ’ ಬೇಕು.

ನನ್ನ ಕೈ ತಟ್ಟೆಯಲ್ಲೇ ನಿಂತಿತು.

ನನಗೆ ಎಂಟು ವರ್ಷವಿದ್ದಾಗ ಅವ್ವ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಚ್ಚೆ ಹುಯ್ಯಿಸಿದ್ದಳು. ಸೂಜಿ ಚುಚ್ಚಿದಾಗಲೆಲ್ಲ ಸೆರಗಿನಿಂದ ಗಾಳಿ ಬೀಸುತ್ತ, “ಸತ್ತಾಗ ಒಡವೆ ಎಲ್ಲ ಬಿಚ್ಕೋತಾರೆ ಕಣವ್ವ, ಇದನ್ನ ಯಾರೂ ಬಿಚ್ಚಕ್ಕಾಗಲ್ಲ. ಅಲ್ಲಿ ಇದನ್ನ ನೋಡೇ ನಿನ್ನ ಗುರ್ತು ಹಿಡೀತೀನಿ,” ಎಂದಿದ್ದಳು.

ಮೈಸೂರಿನ ಕಾಲೇಜಿಗೆ ಸೇರಿದಾಗ ಹಾಸ್ಟೆಲಿನ ಹುಡುಗಿಯರು ಹಚ್ಚೆ ನೋಡಿ ನಕ್ಕರು. ಅಗಲ ಪಟ್ಟಿಯ ಗಡಿಯಾರ ಕಟ್ಟಿಕೊಂಡೆ. ರಜೆಗೆ ಊರಿಗೆ ಹೋದಾಗ ಅವ್ವ ಅದನ್ನು ನೋಡಿದಳು. ಐವತ್ತು ವರ್ಷ ಸ್ನಾನದ ಹೊತ್ತು ಬಿಟ್ಟರೆ ಆ ಪಟ್ಟಿ ಬಿಚ್ಚಲಿಲ್ಲ. ನಾನು ಮುಜುಗರಪಡುವುದನ್ನು ಗಮನಿಸಿದ ಮಗಳು ಹಂಸಾ ಕಳೆದ ವರ್ಷ, ೨೦೧೫ರಲ್ಲಿ, ಲೇಸರ್ ಚಿಕಿತ್ಸೆ ಬುಕ್ ಮಾಡಿದಳು. ಆರು ಸಲವೂ ಇಲ್ಲಿನ ಪಾಯಾ ಲೆಬಾರ್ ಬಡಾವಣೆಯಲ್ಲಿರುವ ತನ್ನ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಕ್ಲಿನಿಕ್ಕಿಗೆ ಕರೆದೊಯ್ದಳು. ಉರಿಗೆ ತಂಪಾಗಲೆಂದು ಬಾರ್ಲಿ ನೀರು ಕೊಡಿಸಿದಳು. ಬೇಡವೆನ್ನಲು ನನಗೇನಾಗಿತ್ತು? ಅಂದು ಹಗುರವೇ ಅನಿಸಿತ್ತು. ಗಡಿಯಾರ ಮಾತ್ರ ಅಭ್ಯಾಸಬಲದಿಂದ ಕೈಯಲ್ಲೇ ಉಳಿಯಿತು.

ಈಗ ಅದನ್ನು ಬಿಚ್ಚಿ ಕೈ ಚಾಚಿದೆ.

“ಎಲ್ಲಿ ಹೋಯ್ತು?”

“ತೆಗೆಸ್ಬಿಟ್ಟೆ ಮರಿ.”

ನವ್ಯಾಳ ಮುಖ ಸಣ್ಣದಾಯಿತು. ಆದರೂ ಗಲಾಟೆ ಮಾಡಲಿಲ್ಲ. ಒಳಗೆ ಹೋಗಿ ಬಿಳಿ ಹಾಳೆ, ನೀಲಿ ಪೆನ್ನು ತಂದಳು.

“ಪರ್ವಾಗಿಲ್ಲ ಅಜ್ಜಿ. ಹೆಂಗಿತ್ತೋ ಹಂಗೇ ಡ್ರಾ ಮಾಡ್ಕೊಡಿ, ಅದನ್ನೇ ತೋರಿಸ್ತೀನಿ.”

ಒಂದು ಚುಕ್ಕಿ ಇಟ್ಟೆ. ಎರಡು. ಮೂರು. ಆಮೇಲೆ? ಐದಿತ್ತೋ ಏಳಿತ್ತೋ? ನಡುವಿನ ಪುಟ್ಟ ಗೆರೆ ಬೆರಳಿನ ಕಡೆಗೆ ಬಾಗಿತ್ತೋ, ಮೊಣಕೈಯ ಕಡೆಗೋ? ಸ್ನಾನದ ಹೊತ್ತಿನಲ್ಲೂ ನಾನು ಅದನ್ನು ನೆಟ್ಟಗೆ ನೋಡಿದವಳಲ್ಲ.

“ಎಷ್ಟು ಹಾಕಿದ್ರೂ ಓಕೆ ಅಜ್ಜಿ, ಯಾರಿಗೂ ಗೊತ್ತಾಗಲ್ಲ.”

“ನಮ್ಮವ್ವನಿಗೆ ಗೊತ್ತಾಗತ್ತೆ,” ಎಂದು ಪೆನ್ನು ಕೆಳಗಿಟ್ಟೆ.

ಅವಳು ನನ್ನ ಮುಖವನ್ನೇ ನೋಡಿದಳು. ಫೋನ್ ಪಕ್ಕಕ್ಕಿಟ್ಟಳು. ನನ್ನ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಮೆಲ್ಲಗೆ ತಿರುಗಿಸುತ್ತ, ಒಂದಾದರೂ ಉಳಿದಿದೆಯೇನೋ ಎಂದು ಹುಡುಕತೊಡಗಿದಳು.